ಅಂಗಡಿಗೆ ಬಾರದ ಗಡಾರಿ

ಮನೆಯಿಂದ,
ಇಪ್ಪತ್ತೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹುಬ್ಬಿನ ಹೊಲಿಗೆ ಬಿಚ್ಚಿದರಾ? ಹೋದ ಸಲ ಜೈಲಿನ ಜಾಲರಿಯ ಆಚೆ ನೀನು ಬಂದು ನಿಂತಾಗ ನಿನ್ನ ಅರ್ಧ ಮುಖ ಬದನೆಕಾಯಿಯ ಬಣ್ಣಕ್ಕಿತ್ತು. ಬಚ್ಚಲಲ್ಲಿ ಜಾರಿಬಿದ್ದೆ ಅಂದೆ. ಅಮ್ಮ ನಂಬಿದಳು, ನೋಡಿಕೊಂಡು ಕಾಲಿಡಬಾರದೇನೋ ಅಂತ ಬೈದಳು ಕೂಡ. ನಾನು ನಂಬಲಿಲ್ಲ. ಬಚ್ಚಲಿನ ನೆಲಕ್ಕೆ ಬೆರಳ ಗೆಣ್ಣುಗಳಿರುವುದಿಲ್ಲ. ನಿನ್ನ ಕೆನ್ನೆಯ ಮೇಲೆ ನಾಲ್ಕೂ ಗೆಣ್ಣಿನ ಗುರುತು ಎದ್ದು ಕಾಣುತ್ತಿತ್ತು. ಹೊಡೆದವನು ಇನ್ನೂ ನಿನ್ನ ಕೋಣೆಯಲ್ಲೇ ಇದ್ದರೆ ಗೋಡೆಗೆ ಬೆನ್ನು ಕೊಟ್ಟು ಮಲಗು. ಊಟದ ತಟ್ಟೆಯನ್ನು ಎಡಗೈಯಲ್ಲಿ ಹಿಡಿ, ಬಲಗೈ ಖಾಲಿ ಇರಲಿ. ಇದನ್ನು ನಿನಗೆ ನಾನು ಹೇಳಿಕೊಡುವ ಹಾಗಾಯಿತಲ್ಲ ಅಂತ ನಗು ಬರುತ್ತದೆ. ಶಾಲೆಯಲ್ಲಿ ಹುಡುಗರು ನನ್ನ ಜಡೆ ಎಳೆದಾಗ ಎಲ್ಲಿಗೆ ಗುದ್ದಬೇಕು ಅಂತ ಕಲಿಸಿದವನು ನೀನೇ.

ಅಮ್ಮನ ರಕ್ತದೊತ್ತಡ ಏರುತ್ತಾ ಇಳಿಯುತ್ತಾ ಇದೆ. ಮಾತ್ರೆ ನುಂಗು ಅಂದರೆ, "ನಿನ್ನಂಥ ಮಗಳಿರೋವಾಗ ಮಾತ್ರೆ ಪಾಪ ಏನ್ ಮಾಡುತ್ತೆ" ಅನ್ನುತ್ತಾಳೆ. ಅತ್ತಿಗೆ ಹೊಲಿಗೆ ಅಂಗಡಿಗೆ ಹೋಗಿ ಬರುತ್ತಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಉಪ್ಪಿನ ಡಬ್ಬಿ ಬೇಕಾದರೂ ಪುಟ್ಟಿಯ ಬಾಯಲ್ಲಿ ಹೇಳಿ ಕಳಿಸುತ್ತಾರೆ. ಪುಟ್ಟಿ, ನಿನ್ನ ಮುದ್ದಿನ ಮಗಳು, ಚೆನ್ನಾಗಿದ್ದಾಳೆ. ಅವಳ ಬೆರಳ ತುದಿ ಪೂರ್ತಿ ಒಣಗಿದೆ, ಉಗುರು ಮಾತ್ರ ಇನ್ನು ಬರುವುದಿಲ್ಲವಂತೆ. ಬೆರಳು ಎಷ್ಟೇ ಅಂತ ಯಾರಾದರೂ ಕೇಳಿದರೆ ಒಂಬತ್ತೂ ಮುಕ್ಕಾಲು ಅಂತ ಜಂಬದಿಂದ ಹೇಳುತ್ತಾಳೆ, ಬೇರೆ ಮಕ್ಕಳಿಗೆ ಅಷ್ಟೊಂದು ವಿಶೇಷ ಏನೂ ಇಲ್ಲವಲ್ಲ. ಇನ್ನು ನನ್ನ ವಿಷಯ. ಮುಂದಿನ ಹಲ್ಲು ಅರ್ಧ ಹೋಗಿದೆ, ಎಡಗಿವಿಯಲ್ಲಿ ಜೀರುಂಡೆ ಹೊಕ್ಕ ಹಾಗೆ ಗುಂಯ್ ಅನ್ನುತ್ತಿದೆ. ಅದು ಲಾರಿ ಮಾವನ ಕೆಲಸ. ಯಾಕೆ ಅಂತ ನಿನಗೆ ಗೊತ್ತಾಗಬೇಕು, ಯಾಕೆಂದರೆ ಅದು ನೀನು ಹೇಳಿ ಕಳಿಸಿದ ಮಾತಿನಿಂದಲೇ ಆದದ್ದು.

ನಿನ್ನನ್ನು ನೋಡಿ ಬಂದ ದಿನ ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, ನಿನ್ನ ಮಾತನ್ನು ಒಪ್ಪಿಸಿದರು. "ಮೊಳೆಗೆ ಹೇಳು, ಮಷಿನ್ ಮೊದಲಿಂದಲೂ ಆನ್ ಇತ್ತು ಅಂದ್ರೆ ಸಾಕು. ಅಷ್ಟೇ ಹೇಳ್ಲಿ." ನಾನು ಆಗುವುದಿಲ್ಲ ಅಂದೆ. ಅತ್ತಿಗೆ ಕೈಯಲ್ಲಿದ್ದ ಬಾಣಲೆಯನ್ನು ನನ್ನತ್ತ ಬೀಸಿದರು. ಪುಣ್ಯಕ್ಕೆ ಎಣ್ಣೆ ಇರಲಿಲ್ಲ, ಬರೀ ಬಾಣಲೆ ಮೊಣಕೈಗೆ ಬಿತ್ತು. ಮಾರನೆಯ ದಿನ ಮಾವ ಲಾರಿಯನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, ಟೈರು ಬಿಚ್ಚುವ ಸಲಾಕೆಯನ್ನು ಹಿಡಿದುಕೊಂಡೇ ಮನೆಯೊಳಗೆ ಬಂದ. ಅದನ್ನು ಬಳಸಲಿಲ್ಲ, ಟೇಬಲ್ಲಿನ ಮೇಲೆ ಇಟ್ಟ, ನೋಡಿಕೊಂಡಿರು ಅನ್ನುವ ಹಾಗೆ. ಆಮೇಲೆ ಕೈಯಲ್ಲೇ ಶುರು ಮಾಡಿದ. "ಹೇಳ್ತೀಯೋ ಇಲ್ವೋ" ಅನ್ನುವುದು, ಒಂದು ಬಿಡುವುದು. ಮತ್ತೆ "ಹೇಳ್ತೀಯೋ ಇಲ್ವೋ". ನಾನು ಪ್ರತಿ ಸಲವೂ ಇಲ್ಲ ಅಂದೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ಅಳುತ್ತಾ ಏನೆಂದಳು ಗೊತ್ತಾ? "ಮುಖಕ್ಕೆ ಹೊಡೀಬೇಡ್ವೋ, ಗುರುವಾರ ಕೋರ್ಟಿಗೆ ಹೋಗ್ಬೇಕು ಅವಳು." ಆ ಹೊತ್ತಿನಲ್ಲೂ ನನಗೆ ನಗು ಬಂತು, ನಕ್ಕಿದ್ದಕ್ಕೇ ಹಲ್ಲು ಹೋಯಿತು.

ಈ ಪತ್ರವನ್ನು ಅಲ್ಲಿ ಒಡೆದು ಓದಿ ಆಮೇಲೆ ನಿನಗೆ ಕೊಡುತ್ತಾರೆ ಅಂತ ನನಗೆ ಗೊತ್ತು. ಓದಲಿ. ಓದುತ್ತಿರುವ ಯಜಮಾನರಿಗೆ ನಮಸ್ಕಾರ, ಕಪ್ಪು ಶಾಯಿ ಬಳಿಯುವ ಕೆಲಸ ಇಟ್ಟುಕೊಳ್ಳಬೇಡಿ, ಇಲ್ಲಿರುವುದನ್ನೇ ನಾನು ಗುರುವಾರ ಬಾಯಿಬಿಟ್ಟು ಹೇಳುವವಳು.

ಅಣ್ಣಾ, ಜಗಳ ಗಡಾರಿಯಿಂದ ಶುರುವಾಯಿತು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಗಡಾರಿ ಯಾರು ಅಂತ ವಕೀಲರಿಗೂ ಸರಿಯಾಗಿ ಗೊತ್ತಿಲ್ಲ. ಮೊನ್ನೆ ನನ್ನನ್ನು ಕೂರಿಸಿಕೊಂಡು, "ಗಡಾರಿ ಅಂದ್ರೆ ಯಾವನಮ್ಮಾ, ಅವನೂ ಕಾರ್ಖಾನೇಲಿ ಕೆಲಸಕ್ಕಿದ್ನಾ?" ಅಂತ ಕೇಳಿದರು. ನಾನು ವಿವರಿಸಬೇಕಾಯಿತು. ಟಿವಿಯಲ್ಲಿ ಬರುವ ಕಾರ್ಟೂನಿಗೆ ನಮ್ಮ ಕಾರ್ಖಾನೆ ಆಟಿಕೆ ಮಾಡುತ್ತಿತ್ತು, ಕಾರುಗಳು ಬಿಚ್ಚಿಕೊಂಡು ರೋಬೋ ಆಗಿ ಎದ್ದು ನಿಲ್ಲುವ ಕಾರ್ಟೂನು. ಹೀರೋ ಕಾರುಗಳೆಲ್ಲ ಥಳಥಳ ಅನ್ನುತ್ತವೆ. ಗಡಾರಿ ಒಂದೇ ಒಂದು ಕಂತಿನಲ್ಲಿ ಬರುತ್ತಾನೆ. ನೀಲಿ ಬಣ್ಣದ ಹಳೆಯ ಕಾರು, ಒಂದು ದೀಪ ಒಡೆದಿದೆ, ಬಂಪರ್ ಸೊಟ್ಟ. ಸೇತುವೆ ಕುಸಿಯುವಾಗ ಅಡಿಗೆ ಹೋಗಿ, ಬಾಗಿಲುಗಳನ್ನು ತೋಳು ಮಾಡಿಕೊಂಡು ಎದ್ದು, "ನೀವ್ ಹೋಗ್ರೋ, ನಾ ಹಿಡ್ಕೊಂಡಿರ್ತೀನಿ" ಅನ್ನುತ್ತಾನೆ. ಹೀರೋಗಳು ದಾಟಿ ಹೋಗುತ್ತಾರೆ. ಸೇತುವೆ ಅವನ ಮೇಲೆ ಬೀಳುತ್ತದೆ. ಮುಂದಿನ ವಾರ ಅವನ ಹೆಸರನ್ನೂ ಯಾರೂ ಎತ್ತುವುದಿಲ್ಲ. ಅದನ್ನು ನೋಡಿ ನೀನು ಎಷ್ಟು ಸಿಟ್ಟಾಗಿದ್ದೆ! "ಒಬ್ಬನಾದ್ರೂ ತಿರುಗಿ ನೋಡ್ಬೇಕಿತ್ತಲ್ವೇನೇ" ಅಂತ ಚಮಚವನ್ನು ತಟ್ಟೆಗೆ ಕುಕ್ಕಿದ್ದೆ.

ಹೀರೋಗಳ ಅಚ್ಚಿನ ಕೆಲಸ ದೊಡ್ಡ ಕೈಗಳಿಗೆ ಹೋಯಿತು. ಯಾರಿಗೂ ಬೇಡವಾದ ಗಡಾರಿ ನಿನಗೆ ಬಂದ. ಅಲ್ಲಿಯವರೆಗೆ ನೀನು ಬೇರೆಯವರು ಮಾಡಿದ ಅಚ್ಚುಗಳ ಅಂಚು ಉಜ್ಜಿ ನಯ ಮಾಡುವವನು, ಅಷ್ಟೇ. ಮರದಲ್ಲಿ ಮೊದಲ ಮಾದರಿ ಕೆತ್ತಿದ ದಿನಗಳಲ್ಲಿ ನಿನ್ನ ಮುಖ ಹೇಗಿತ್ತು ಅಂತ ನನಗೆ ನೆನಪಿದೆ. ಪುಟ್ಟಿ ಹುಟ್ಟಿದಾಗಲೂ ಅಷ್ಟು ಬೆಳಗಿರಲಿಲ್ಲ. ಬೇರೆ ರೋಬೋ ಕಾರುಗಳನ್ನು ಮಕ್ಕಳು ಕೈಯಲ್ಲಿ ತಿರುಚಿ ತಿರುಚಿ ನಿಲ್ಲಿಸಬೇಕು. ನಿನ್ನದು ಹಾಗಾಗಬಾರದಿತ್ತು. ಮೇಲೆ ಒತ್ತಿದರೆ ಸಾಕು, ಟಪ್ ಅಂತ ತಾನೇ ಎದ್ದು ನಿಲ್ಲಬೇಕು, ಮತ್ತೆ ಒತ್ತಿದರೆ ಟಪ್ ಅಂತ ಕಾರಾಗಬೇಕು. ಅದಕ್ಕೆ ಒಳಗೆ ಉಕ್ಕಿನ ಸ್ಪ್ರಿಂಗ್ ಹಾಕಿದೆ. ಬೆಲ್ಟು ಮೇಸ್ತ್ರಿ ಅದನ್ನು ಒತ್ತಿ ನೋಡಿದ, ಒಳಗೆ ಸೀಸದಕಡ್ಡಿ ಇಟ್ಟ. ಬಾಗಿಲು ಮುಚ್ಚಿಕೊಂಡಾಗ ಕಡ್ಡಿ ಎರಡು ತುಂಡಾಯಿತು. "ಆಟದ ಸಾಮಾನು ಮಾಡು ಅಂದ್ರೆ ಇಲಿ ಬೋನು ಮಾಡಿದ್ದೀಯಲ್ಲೋ" ಅಂದ. ಎಲ್ಲರೂ ನಕ್ಕರು. ನೀನು ಸ್ಪ್ರಿಂಗನ್ನು ಸಡಿಲ ಮಾಡಲಿಲ್ಲ. ಸಡಿಲ ಮಾಡಿದರೆ ಅವನು ನಿಲ್ಲುವುದಿಲ್ಲ, ಕುಂಟುತ್ತಾನೆ ಅಂದೆ.

ಮೇಸ್ತ್ರಿಯ ಪರ ನಾನು ವಕಾಲತ್ತು ವಹಿಸುತ್ತಿದ್ದೇನೆ ಅಂದುಕೊಳ್ಳಬೇಡ. ಹಳೆಯ ಮಷಿನ್ನಿನ ಬೆಲ್ಟಿನ ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವನನ್ನು ನಾನು ಯಾಕೆ ಹೊಗಳಲಿ? ಒಂಬತ್ತನೇ ತರಗತಿಯಲ್ಲಿ ನಾನು ಶಾಲೆ ಬಿಟ್ಟದ್ದು, ನಿಜ ಹೇಳಿದ್ದಕ್ಕೆ ಹೊಡೆದರು ಅಂತ. ಕಾರ್ಖಾನೆಗೆ ಬಂದರೆ ಅಲ್ಲೂ ಅದೇ. ಊಟದ ಬಿಡುವು ಮುಗಿಯುವ ಗಂಟೆ ದಿನಾ ಬೇಗ ಹೊಡೆಯುತ್ತಿದ್ದೀರಿ ಅಂತ ನಾನು ಎದ್ದು ನಿಂತು ಕೇಳಿದ ದಿನ ಆ ಬೆಲ್ಟು ನನ್ನ ಬೆನ್ನಿಗೆ ಮೂರು ಸಲ ಇಳಿಯಿತು. ಕೈಯಲ್ಲಿದ್ದ ಬ್ಲೇಡು ಅಂಗೈಗೆ ಹೊಕ್ಕಿತು. ಅಂಚು ಕೆರೆಯಲು ಇಟ್ಟಿದ್ದ ಬಿಳಿ ಚಕ್ರಗಳ ರಾಶಿಯೆಲ್ಲ ಕೆಂಪಾಯಿತು. ನೀನು ಎದುರಿನ ಬೆಂಚಿನಲ್ಲೇ ಇದ್ದೆ, ಅರದಿಂದ ಉಜ್ಜುತ್ತಿದ್ದೆ. ತಲೆ ಎತ್ತಲಿಲ್ಲ. ಆ ವಾರವೇ ಗಡಾರಿಯ ಅಚ್ಚಿಗೆ ಒಪ್ಪಿಗೆ ಆಗಬೇಕಿತ್ತು, ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ನೋವು ಕಡಿಮೆಯಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಪರೀಕ್ಷೆಗೆಂದು ತೆಗೆದ ಮೊದಲ ಗಡಾರಿಗಳಲ್ಲಿ ಒಂದನ್ನು ನೀನು ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಪುಟ್ಟಿಗೆ ತಂದೆ. ಅವಳು ಅದನ್ನು ಎದೆಗೆ ಅವಚಿಕೊಂಡೇ ಮಲಗಿದಳು. ಬೆಳಿಗ್ಗೆ ನಾವು ಹಲ್ಲುಜ್ಜುತ್ತಿರುವಾಗ ಟಪ್ ಅನ್ನುವ ಸದ್ದು ಕೇಳಿತು. ಕಿರುಚಾಟ ತಡವಾಗಿ ಬಂತು. ಗಡಾರಿಯ ಬಾಗಿಲಿನ ಸಂದಿಯಲ್ಲಿ ಅವಳ ಕಿರುಬೆರಳ ತುದಿ ಇತ್ತು, ಉಗುರು ಸಮೇತ. ಅತ್ತಿಗೆ ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಸುತ್ತಿಗೆ ತೆಗೆದುಕೊಂಡು ಗಡಾರಿಯನ್ನು ಹೊಸ್ತಿಲ ಮೇಲೆ ಇಟ್ಟು ಜಜ್ಜಿದರು. ಸ್ಪ್ರಿಂಗ್ ಹಾರಿ ಕನ್ನಡಿ ಒಡೆಯಿತು. ನೀನು ಮೊದಲು ಯಾವ ಕಡೆ ಓಡಿದೆ ಅಂತ ನನಗೆ ನೆನಪಿದೆ, ಬರೆಯುವುದಿಲ್ಲ. ಡಾಕ್ಟರಿಗೆ ಮನೆಯ ಬಾಗಿಲಿಗೆ ಸಿಕ್ಕಿಕೊಂಡಿತು ಅಂತ ಹೇಳಿದೆವು. ಹೇಳಿದೆವು ಅಂದರೆ ನೀವು ಹೇಳಿದಿರಿ. ನನ್ನನ್ನು ಡಾಕ್ಟರು ಕೇಳಲಿಲ್ಲ.

ಮೇಸ್ತ್ರಿ ಕೇಳಿದ. ಅಚ್ಚಿನ ವಿಭಾಗದಲ್ಲಿ ಎಲ್ಲರ ಮಧ್ಯೆ ಕೇಳಿದ, "ಮಗಳ ಕೈಗೆ ಬ್ಯಾಂಡೇಜ್ ಅಂತೆ, ಏನಾಯ್ತೋ?" ನೀನು ಮನೆ ಬಾಗಿಲು ಅಂದೆ. ಅವನು ನನ್ನ ಕಡೆ ತಿರುಗಿ, "ಏನೇ ಮೊಳೆ, ಯಾವ ಬಾಗಿಲು?" ಅಂದ. ನಾನು ಗಡಾರಿಯ ಬಾಗಿಲು ಅಂದೆ. ನಿನ್ನ ಎದುರಿಗೇ ಅಂದೆ, ಬೆನ್ನ ಹಿಂದೆ ಹೋಗಿ ಚಾಡಿ ಹೇಳಲಿಲ್ಲ. ಅವತ್ತು ಮನೆಗೆ ಬಂದು ನೀನು ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಗುದ್ದಿದೆ. "ಒಂದೇ ಒಂದ್ಸಲ ಬಾಯಿ ಮುಚ್ಕೊಂಡಿರಕ್ಕೆ ಏನೇ ನಿಂಗೆ" ಅಂತ ಅಳುತ್ತಾ ಗುದ್ದಿದೆ. ಅಳುತ್ತಿದ್ದವನು ನೀನು, ನಾನಲ್ಲ. ಊರಿನ ಮಕ್ಕಳೆಲ್ಲ ಆ ಬೋನಿನೊಳಗೆ ಬೆರಳಿಡುವ ಮುಂಚೆ ಯಾರಾದರೂ ಹೇಳಲೇಬೇಕಿತ್ತು, ಈಗಲೂ ನನ್ನ ಮಾತು ಅದೇ. ವಾರ ಕಳೆಯುವುದರಲ್ಲಿ ಕಾರ್ಖಾನೆಯ ಯಜಮಾನರ ಅಪ್ಪಣೆ ಬಂತು. ಗಡಾರಿ ಬೇಡ. ಅಚ್ಚನ್ನು ಗುಜರಿಗೆ ಹಾಕಿ, ಪರೀಕ್ಷೆಗೆ ತೆಗೆದ ಗಡಾರಿಗಳನ್ನೆಲ್ಲ ಗ್ರೈಂಡರಿಗೆ ಹಾಕಿ ಪುಡಿ ಮಾಡಿ.

ಆ ಬೆಳಿಗ್ಗೆ ನಾವು ಮೂವರೇ ಗ್ರೈಂಡರಿನ ಕೋಣೆಯಲ್ಲಿದ್ದದ್ದು. ಉಳಿದವರು ಗೋಡೆಯ ಆಚೆ ಮೋಲ್ಡಿಂಗ್ ಮಷಿನ್ನುಗಳ ಸದ್ದಿನಲ್ಲಿದ್ದರು. ಪುಡಿ ಮಾಡುವ ಮುಂಚೆ ಲೋಹವನ್ನೆಲ್ಲ ಬಿಚ್ಚಿ ತೆಗೆಯಬೇಕು ಅನ್ನುವುದು ಅಲ್ಲಿ ಕಸ ಗುಡಿಸುವವರಿಗೂ ಗೊತ್ತು. ನೀನು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಸ್ಪ್ರಿಂಗ್ ಬಿಚ್ಚುತ್ತಿದ್ದೆ, ಎಷ್ಟು ನಿಧಾನವಾಗಿ ಅಂದರೆ ಮೇಸ್ತ್ರಿಗೆ ತಡೆಯಲಾಗಲಿಲ್ಲ. "ಹೆಣಕ್ಕೆ ಸಿಂಗಾರ ಮಾಡ್ತಾ ಕೂತಿದ್ದೀಯಾ" ಅಂತ ಚೀಲ ಕಿತ್ತುಕೊಂಡು ಅಷ್ಟನ್ನೂ ಗ್ರೈಂಡರಿನ ಬಾಯಿಗೆ ಸುರಿದ. ಗ್ರೈಂಡರ್ ಅರ್ಧ ಚೀಲ ತಿಂದು ನರಳಿ ನಿಂತಿತು. ಬ್ಲೇಡುಗಳ ಮಧ್ಯೆ ಸ್ಪ್ರಿಂಗ್ ಸಿಕ್ಕಿಕೊಂಡಿತ್ತು. ಅವನು ಕೆಂಪು ಗುಂಡಿ ಒತ್ತಿದ. ನಾನು ನೋಡಿದೆ. ಮುಚ್ಚಳ ತೆಗೆದ. ಮುಚ್ಚಳ ತೆಗೆದರೆ ಆ ಮಷಿನ್ ಶುರುವಾಗಬಾರದು, ಆದರೆ ಕೆಲಸ ಬೇಗ ಆಗಲಿ ಅಂತ ನಾವೆಲ್ಲ ಸೇರಿ ಮುಚ್ಚಳದ ಸ್ವಿಚ್ಚನ್ನು ತಂತಿಯಿಂದ ಕಟ್ಟಿಹಾಕಿದ್ದೆವಲ್ಲ. ಬೆಲ್ಟಿನ ಭಯಕ್ಕೆ ನಾವೇ ಮಾಡಿಕೊಂಡ ಬುದ್ಧಿವಂತಿಕೆ ಅದು. ಅವನು ಮೊಣಕೈಯವರೆಗೆ ಕೈ ಇಳಿಸಿ ಸಿಕ್ಕಿಕೊಂಡ ಸ್ಪ್ರಿಂಗನ್ನು ಕಿತ್ತು ಸಡಿಲಿಸಿ, ಉಳಿದ ಚೂರು ತಡಕುತ್ತಾ, ಮುಖ ನಿನ್ನ ಕಡೆ ತಿರುಗಿಸಿ ಹೇಳಿದ, "ಮಗಳ ಬೆರಳು ತಿಂದಿದ್ದಕ್ಕೆ ಅಳಲಿಲ್ಲ, ಈ ಗೊಂಬೆಗೆ ಅಳ್ತಿದ್ದೀಯಲ್ಲೋ, ನೀನೊಬ್ಬ ಅಪ್ಪನಾ?"

ನೀನು ಹಸಿರು ಗುಂಡಿ ಒತ್ತಿದೆ.

ಅವನ ಕೂಗು ನನಗೆ ಮೊದಲು ಕೇಳಿಸಲಿಲ್ಲ. ಬ್ಲೇಡಿನ ಸದ್ದು ಬದಲಾದದ್ದು ಕೇಳಿಸಿತು. ಗಟ್ಟಿ ಪ್ಲಾಸ್ಟಿಕ್ ಕಡಿಯುವ ಕಟಕಟ ನಿಂತು ಒದ್ದೆ ಸದ್ದು ಬಂತು. ಅವನ ಗಲ್ಲ ಕಬ್ಬಿಣದ ಬಾಯಿಗೆ ಬಡಿಯುತ್ತಿತ್ತು, ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿತ್ತು. ನಾನು ಗುಂಡಿಗಳ ಹತ್ತಿರ ಓಡಿದರೆ ನೀನು ಅಡ್ಡ ತೋಳು ಚಾಚಿ ನಿಂತಿದ್ದೆ. ಅದು ನನಗೆ ಒತ್ತಿದ್ದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು, ಅಣ್ಣಾ. ಒತ್ತಿದ್ದು ಒಂದು ಗಳಿಗೆಯ ಸಿಟ್ಟು ಅನ್ನಬಹುದು. ತೋಳು ಚಾಚಿ ನಿಂತದ್ದನ್ನು ಏನನ್ನಲಿ? ನಿನ್ನ ಮುಂಗೈಯನ್ನು ನಾನು ಎಲುಬು ಸಿಗುವವರೆಗೆ ಕಚ್ಚಿದೆ. ಆಗ ಸರಿದೆ. ನಾನು ಕೆಂಪು ಒತ್ತಿದೆ. ಆ ಹಲ್ಲಿನ ಗುರುತನ್ನು ಪೊಲೀಸರು ಕೇಳಿದಾಗ ನಾಯಿ ಕಚ್ಚಿತು ಅಂದೆಯಂತೆ. ಇರಲಿ, ನನ್ನನ್ನು ಉಳಿಸಲು ಹೇಳಿದ್ದೆಯೋ ನಿನ್ನನ್ನು ಉಳಿಸಿಕೊಳ್ಳಲೋ, ನಾಯಿ ಅನ್ನಿಸಿಕೊಂಡದ್ದಕ್ಕೆ ನನಗೆ ಬೇಜಾರಿಲ್ಲ.

ಜನ ಓಡಿ ಬಂದಾಗ ಮೇಸ್ತ್ರಿ ನೆಲದ ಮೇಲೆ ಬಿದ್ದು "ಇವನೇ ಒತ್ತಿದ, ಇವನೇ ಒತ್ತಿದ" ಅಂತ ಕೂಗುತ್ತಿದ್ದ. ಅದಕ್ಕೇ ನಿನ್ನನ್ನು ಹಿಡಿದುಕೊಂಡು ಹೋದರು. ನಿನಗೆ ಗೊತ್ತಿಲ್ಲದ್ದು ಆಮೇಲೆ ನಡೆದದ್ದು. ಗ್ರೈಂಡರಿನ ತಳದ ಡಬ್ಬದಲ್ಲಿದ್ದ ನೀಲಿ ಪುಡಿಯನ್ನು ಏನು ಮಾಡುವುದು ಅಂತ ಕೇಳಿದರೆ ಯಜಮಾನರು, "ತೊಳೆದು ನೋಡಿ, ಬೇರೆ ಕಾರುಗಳ ಒಳಗಿನ ಭಾಗಗಳಿಗಾದರೂ ಆಗುತ್ತೆ" ಅಂದರು. ತೊಳೆಯಲು ನನ್ನನ್ನು ಕರೆದರು. ನಾನು ಡಬ್ಬವನ್ನು ಅವರ ಕಾಲ ಬುಡದಲ್ಲಿ ಬೋರಲು ಹಾಕಿ ಹೊರಗೆ ಬಂದೆ. ಮತ್ತೆ ಹೋಗಿಲ್ಲ. ಗಡಾರಿಯ ಚಿತ್ರವನ್ನು ಹೀರೋಗಳ ಪೆಟ್ಟಿಗೆಯ ಹಿಂಬದಿಯಲ್ಲಿ ಆಗಲೇ ಅಚ್ಚು ಹಾಕಿಸಿದ್ದರಲ್ಲ, 'ಸದ್ಯದಲ್ಲೇ ನಿಮ್ಮ ಅಂಗಡಿಯಲ್ಲಿ' ಅಂತ, ಅದು ಹಾಗೇ ಉಳಿದಿದೆ. ಹೋದ ತಿಂಗಳು ಒಬ್ಬ ಮನುಷ್ಯ ಮನೆ ಹುಡುಕಿಕೊಂಡು ಬಂದ. ಕನ್ನಡಕ, ಹೆಗಲಿಗೆ ಚೀಲ, ಅರ್ಧ ತಲೆ ನರೆತಿದೆ. ರೋಬೋ ಕಾರುಗಳನ್ನೆಲ್ಲ ಕೂಡಿಡುತ್ತಾನಂತೆ, ಗಡಾರಿ ಒಂದೇ ಬಾಕಿಯಂತೆ, ಒಂದಾದರೂ ಉಳಿದಿದೆಯಾ ಅಂತ ಕೈಮುಗಿದು ಕೇಳಿದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ಮಗುವಿನ ಬೆರಳು ತಿಂದ, ಅದಕ್ಕೆ ಅವನನ್ನು ಅರೆದರು, ಅರೆಯುವಾಗ ಒಂದು ಕೈಯೂ ಹೋಯಿತು, ಈಗ ಏನೂ ಇಲ್ಲ. ಅವನು ಬಿದ್ದು ಬಿದ್ದು ನಕ್ಕ. "ಒಳ್ಳೇ ಕತೆ ಕಟ್ತೀಯಮ್ಮಾ" ಅಂದ. ಒಳಗಿನಿಂದ ಪುಟ್ಟಿ ಓಡಿ ಬಂದು ಬೆರಳು ತೋರಿಸಿದಳು. ಅವನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಿಕೊಳ್ಳದೆ ಹೋದ.

ಈಗ ಮನೆಯಲ್ಲಿ ಎಲ್ಲರೂ ಕುಣಿಯುತ್ತಿರುವುದು ಮೇಸ್ತ್ರಿಯ ಹೊಸ ಹೇಳಿಕೆಗೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಪೊಲೀಸರನ್ನು ಅವನೇ ಕರೆಸಿ, ಆಫ್ ಮಾಡುವುದನ್ನು ನಾನೇ ಮರೆತಿದ್ದೆ, ಸ್ಪ್ರಿಂಗ್ ಕಿತ್ತುಬಂದ ಕೂಡಲೇ ಬ್ಲೇಡು ತಿರುಗಿತು, ನೋವಿನಲ್ಲಿ ಬಾಯಿಗೆ ಬಂದ ಹೆಸರು ಕೂಗಿದೆ ಅಂತ ಬರೆಸಿದ್ದಾನೆ. ನೀನೂ ಅದನ್ನೇ ಹೇಳುತ್ತೀಯ. ಇನ್ನು ನಾನೊಬ್ಬಳು ಹೂಂ ಅಂದರೆ ಗುರುವಾರವೇ ನೀನು ಮನೆಗೆ ಬರುತ್ತೀಯ ಅಂತ ವಕೀಲರು ಹೇಳಿದ್ದಾರೆ. ನಿನ್ನೆಯವರೆಗೂ ಮೇಸ್ತ್ರಿಗೆ ಹುಳ ಬೀಳಲಿ ಅಂತಿದ್ದ ಅಮ್ಮ ಈಗ, "ದೇವರಂಥ ಮನುಷ್ಯ ಕಣೇ, ಕೈ ಹೋದ್ರೂ ಮನಸ್ಸು ದೊಡ್ಡದು" ಅನ್ನುತ್ತಾಳೆ. ನನಗೆ ಮಾತ್ರ ನಂಬಿಕೆ ಬರುತ್ತಿಲ್ಲ. ಊಟದ ಗಂಟೆ ಕೇಳಿದ್ದಕ್ಕೆ ಮೂರು ಬಿಟ್ಟವನು ಕೈ ಹೋದದ್ದಕ್ಕೆ ಕ್ಷಮಿಸುತ್ತಾನಾ?

ಏನೇ ಇರಲಿ, ಗುರುವಾರ ನಾನು ಹೇಳುವುದು ಇಷ್ಟು. ಅವನು ಆಫ್ ಮಾಡಿದ್ದ. ನೀನು ಒತ್ತಿದೆ. ಅಡ್ಡ ನಿಂತೆ. ಬೆಲ್ಟಿನ ವಿಷಯವನ್ನೂ ಹೇಳುತ್ತೇನೆ, ಬೆನ್ನು ತೋರಿಸು ಅಂದರೆ ತೋರಿಸುತ್ತೇನೆ. ಸ್ಪ್ರಿಂಗ್ ಬಿಚ್ಚದೆ ಸುರಿದದ್ದನ್ನೂ, ತಂತಿ ಕಟ್ಟಿದ್ದನ್ನೂ, ಅವನು ನಿನ್ನ ಮಗಳ ಹೆಸರೆತ್ತಿ ಆಡಿದ ಮಾತನ್ನೂ ಹೇಳುತ್ತೇನೆ. ಒಂದು ಕಡೆಯದನ್ನು ಮಾತ್ರ ಹೇಳಿ ಇನ್ನೊಂದು ನುಂಗುವುದಿಲ್ಲ. ಶಿಕ್ಷೆ ಎಷ್ಟಾಗುತ್ತದೋ ಗೊತ್ತಿಲ್ಲ. ನೀನು ನನ್ನ ಮುಖ ನೋಡುವುದಿಲ್ಲ ಅಂದರೆ ಜಾಲರಿಯ ಈಚೆ ಬಂದು ನಿನ್ನ ಬೆನ್ನನ್ನಾದರೂ ನೋಡಿಕೊಂಡು ಹೋಗುತ್ತೇನೆ.

ಹುಬ್ಬಿಗೆ ಮುಲಾಮು ಹಚ್ಚಿಕೋ. ಅಮ್ಮ ನಿನ್ನನ್ನು ದಿನಾ ನೆನೆದು ಅಳುತ್ತಾಳೆ, ಅತ್ತಿಗೆ ಅಳದೆ ನೆನೆಯುತ್ತಾರೆ, ಪುಟ್ಟಿ ಮುತ್ತು ಕಳಿಸಿದ್ದಾಳೆ. ನೀನು ಎಲ್ಲಿದ್ದರೂ ಮೈಯಲ್ಲಿರುವುದೆಲ್ಲ ಇದ್ದಲ್ಲೇ ಇರಲಿ, ಅದೇ ನನ್ನ ಹಾರೈಕೆ.

ನಿನ್ನ ತಂಗಿ,
ಮೊಳೆ

ತಾ.ಕ.: ಅಣ್ಣಾ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮೇಸ್ತ್ರಿಯ ತಮ್ಮ ಬೈಕಿನಲ್ಲಿ ಬಂದು, ಅಣ್ಣ ಕರೀತಿದ್ದಾನೆ ಬಾ ಅಂದ. ಹೋದೆ. ಈಗಷ್ಟೇ ಬಂದೆ. ಮೇಸ್ತ್ರಿ ಮುಂದಿನ ಕೋಣೆಯ ಮಂಚದ ಮೇಲೆ ಕೂತಿದ್ದ, ಇಬ್ಬರು ತಮ್ಮಂದಿರು ಬಾಗಿಲಲ್ಲಿ. ಮೊಣಕೈಯಿಂದ ಕೆಳಗೆ ಏನಿಲ್ಲ. ಆ ಮೊಂಡು ತೋಳನ್ನು ನನ್ನ ಹೆಗಲ ಮೇಲೆ ಇಟ್ಟು ಎಷ್ಟು ಮೆತ್ತಗೆ ಮಾತಾಡಿದ ಅಂದರೆ ನನಗೆ ಮೊದಲು ಅರ್ಥವೇ ಆಗಲಿಲ್ಲ. "ನೀನೂ ಆನ್ ಇತ್ತು ಅಂತಲೇ ಹೇಳು ಮಗಾ. ಹೊರಗೆ ಬರ್ಲಿ ನಿಮ್ಮಣ್ಣ. ಒಳಗಿದ್ರೆ ಊಟ ಸರ್ಕಾರದ್ದು, ಕಾವಲು ಸರ್ಕಾರದ್ದು. ನಂಗೇನ್ ಸಿಕ್ತು?" ಆಮೇಲೆ ಉಳಿದ ಕೈಯ ಎರಡು ಬೆರಳು ಎತ್ತಿ ತೋರಿಸಿದ. "ನಂದು ಒಂದು ಹೋಯ್ತು. ಅವಂದು ಎರಡೂ." ನಾನು ಆನ್ ಇತ್ತು ಅಂತ ಹೇಳಲ್ಲ ಅಂದೆ. ಬೈಕಿನವನು ಕೈ ಎತ್ತಿದ, ಮೇಸ್ತ್ರಿ ತಡೆದು ನಕ್ಕ. "ಬಿಡೋ, ಹೇಳ್ಕೊಳ್ಲಿ. ಕೈ ಕಳ್ಕೊಂಡವನೂ ಮರೆತೆ ಅಂತಾನೆ, ಒತ್ತಿದವನೂ ಒತ್ತಿಲ್ಲ ಅಂತಾನೆ. ಮಧ್ಯ ಇವಳ ಮಾತು ಯಾರಿಗ್ ಬೇಕು?" ಬರುವ ದಾರಿಯಲ್ಲಿ ಠಾಣೆಗೆ ಹೋದೆ. ಕ್ಷಮಿಸಿದವನ ಮೇಲೆ ದೂರು ಕೊಡ್ತೀಯಲ್ಲಮ್ಮಾ ಅಂತ ನಕ್ಕು ಕಳಿಸಿದರು. ಅಮ್ಮನಿಗೆ ಹೇಳಿದೆ, ನಿನ್ನನ್ನು ಒಳಗಿಡಲು ನಾನು ಕತೆ ಕಟ್ಟುತ್ತಿದ್ದೇನೆ ಅಂದಳು. ಅವನು ಹೇಳಿದ್ದು ಸರಿ ಅಣ್ಣಾ, ನಾನೊಬ್ಬಳು ಹೇಳಿದರೆ ಸಾಲದು. ಗುರುವಾರ ನನಗಿಂತ ಮೊದಲು ನಿನ್ನನ್ನು ನಿಲ್ಲಿಸಿ ಕೇಳುತ್ತಾರಂತೆ. ವಕೀಲರ ಕಡೆ ನೋಡಬೇಡ, ಅಮ್ಮನ ಕಡೆ ನೋಡಬೇಡ, ಒತ್ತಿದ್ದು ನಾನೇ ಅನ್ನು. ನಿನ್ನನ್ನು ಉಳಿಸಲು ನಾನು ನಿಜ ಹೇಳುತ್ತಿದ್ದೇನೆ ಅಂತಲೂ ತಿಳಿಯಬೇಡ, ಜೈಲಿನ ಬಾಗಿಲಲ್ಲಿ ಅವರು ಯಾರೂ ಕಾಯದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ನೀನು ಮಾತ್ರ ನಂಬು. ನನ್ನ ಬಾಯಿಂದ ನಿನಗೆ ಗಡಾರಿ ಹೋದ, ಈಗ ಮನೆಯೂ ಹೋಗುತ್ತದೆ. ಬೇ​ಕಾದರೆ ಅದಕ್ಕೆ ಜೀವಮಾನವಿಡೀ ಬೈದುಕೋ. ಆದರೆ ಯೋಚನೆ ಮಾಡು, ಇಷ್ಟು ವರ್ಷದಲ್ಲಿ ನಾನು ಒಂದು ಸಲವಾದರೂ ನಿನಗೆ ಸುಳ್ಳು ಹೇಳಿದ್ದೇನಾ?